ಕಾಗದದಲ್ಲಿ ಎಎನ್-32: ಸಾಗಣೆ ವಿಮಾನವೊಂದನ್ನು ಒಳಗಿನಿಂದ ಕಟ್ಟುವ ಬಗೆ

ಕಾಗದ ಒಂದು ಸಲಕ್ಕೆ ಒಂದೇ ದಿಕ್ಕಿಗೆ ಬಾಗುತ್ತದೆ. ಲಟ್ಟಣಿಗೆಗೆ ಹಾಳೆ ಸುತ್ತಿ, ನೀಟಾಗಿ ಕೂರುತ್ತದೆ. ಅದೇ ಹಾಳೆಯನ್ನು ತೆಂಗಿನಕಾಯಿಗೆ ಸುತ್ತಿ ನೋಡಿ, ಎಲ್ಲ ಕಡೆ ನೆರಿಗೆ ಬೀಳುತ್ತದೆ. ಕಾಗದದಲ್ಲಿ ವಿಮಾನ ಕಟ್ಟುವವರ ಕಷ್ಟವೆಲ್ಲ ಇಲ್ಲೇ ಇರುವುದು. ಯಾವ ಭಾಗ ಲಟ್ಟಣಿಗೆ, ಯಾವ ಭಾಗ ತೆಂಗಿನಕಾಯಿ ಎಂದು ಮೊದಲೇ ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಯುದ್ಧ ವಿಮಾನಕ್ಕಿಂತ ಸಾಗಣೆ ವಿಮಾನ ಕಾಗದಕ್ಕೆ ಒಗ್ಗುವುದು ಇದೇ ಕಾರಣಕ್ಕೆ. ಸುಖೋಯ್‌ನ ಮೈಯಲ್ಲಿ ನೆಟ್ಟಗಿರುವ ಜಾಗವೇ ಕಡಿಮೆ. ಸಾಗಣೆ ವಿಮಾನ ಬಹುಪಾಲು ಒಂದು ಉದ್ದನೆಯ ಕೊಳವೆ. ಮೂಗು, ಬಾಲ, ಎಂಜಿನ್ ಗೂಡಿನ ತುದಿಗಳು ಮಾತ್ರ ಸತಾಯಿಸುತ್ತವೆ.

ಪುಣೆಯಲ್ಲಿರುವ ನಮಗೆ ಲೋಹೆಗಾಂವ್ ವಾಯುನೆಲೆ ಎಂದರೆ ಸುಖೋಯ್ ಸದ್ದೇ. ವಿಮಾನನಗರದ ಕಡೆ ಫೋನಿನಲ್ಲಿ ಮಾತಾಡುತ್ತಿದ್ದವರು ಒಂದು ನಿಮಿಷ ಸುಮ್ನೆ ನಿಲ್ಲುತ್ತಾರೆ. ಆದರೆ ಕಟ್ಟಲು ಕೂರುವವರಿಗೆ ನಾನು ಹೇಳುವುದು ಎಎನ್-32. ಸಿ-17ರಂಥ ದೈತ್ಯ ಸಾಗಣೆ ವಿಮಾನ ಆರಿಸಿದರೆ 1:50 ಅಳತೆಯಲ್ಲಿ ರೆಕ್ಕೆಯ ಅಗಲವೇ ಒಂದು ಮೀಟರ್ ದಾಟುತ್ತದೆ, ಕೊಥ್ರೂಡ್‌ನ ಒಂದು ಬೆಡ್‌ರೂಮ್ ಫ್ಲ್ಯಾಟಿನಲ್ಲಿ ಎಲ್ಲಿ ಇಡುತ್ತೀರಿ? ಸಿ-130ಜೆಗೆ ನಾಲ್ಕು ಎಂಜಿನ್, ಒಂದೊಂದಕ್ಕೂ ಆರು ಅಲಗು. ಅಂದರೆ 24 ಅಲಗು ಕತ್ತರಿಸಿ, ತಿರುಚಿ, ಒಂದೇ ಕೋನದಲ್ಲಿ ಅಂಟಿಸಬೇಕು. ಎಎನ್-32ಕ್ಕೆ ಎರಡೇ ಎಂಜಿನ್, ಎಂಟೇ ಅಲಗು. ಒಡಲು ಸುಮಾರಾಗಿ ದುಂಡಗಿದೆ. ನೋಡಲೂ ಒಂದು ಗತ್ತು ಇದೆ.

ಆ ಗತ್ತು ಬಂದಿರುವುದು ಎಂಜಿನ್‌ಗಳಿಂದ. ಸೋವಿಯತ್ ಒಕ್ಕೂಟದ ಆಂಟೊನೊವ್ ಸಂಸ್ಥೆ ಇದನ್ನು ಬಿಸಿಲು ಜಾಸ್ತಿ ಇರುವ, ಎತ್ತರದ ನೆಲೆಗಳಿಗೆಂದು ಮಾಡಿತು. ಗಾಳಿ ತೆಳುವಾದ ಕಡೆ ಏರಲು ಹೆಚ್ಚು ಬಲ ಬೇಕು. ಅದಕ್ಕೆ ಒಂದೊಂದೂ ಸುಮಾರು 5,000 ಅಶ್ವಶಕ್ತಿಯ ಎಂಜಿನ್ ಹಾಕಿದರು. ಅಂಥ ಎಂಜಿನ್‌ಗೆ 4.7 ಮೀಟರ್ ವ್ಯಾಸದ ಪ್ರೊಪೆಲರ್ ಬೇಕಾಯಿತು. ಅಷ್ಟು ದೊಡ್ಡದು ನೆಲಕ್ಕೆ ತಾಗಬಾರದಲ್ವಾ? ಎಂಜಿನ್ನನ್ನೇ ರೆಕ್ಕೆಯ ಮೇಲಕ್ಕೆ ಎತ್ತಿಬಿಟ್ಟರು. 1976ರಲ್ಲಿ ಮೊದಲ ಹಾರಾಟ, 1984ರಿಂದ ನಮ್ಮ ವಾಯುಪಡೆಯಲ್ಲಿ ಸೇವೆ. 16,600 ಅಡಿಗೂ ಎತ್ತರದ, ಲಡಾಖ್‌ನ ದೌಲತ್ ಬೇಗ್ ಓಲ್ಡಿಯಲ್ಲಿ 43 ವರ್ಷ ಯಾವ ವಿಮಾನವೂ ಇಳಿದಿರಲಿಲ್ಲ. 2008ರ ಮೇ 31ರಂದು ಅಲ್ಲಿ ಇಳಿದದ್ದು ಇದೇ ಎಎನ್-32. ನಿಮ್ಮ ಮಾದರಿಯಲ್ಲಿ ಬೇರೇನು ತಪ್ಪಿದರೂ ಈ ಎತ್ತಿದ ಎಂಜಿನ್ ಸರಿಯಾಗಿ ಬಂದರೆ ನೋಡಿದವರು ಗುರುತು ಹಿಡಿಯುತ್ತಾರೆ.

ಅಳತೆ, ನಕ್ಷೆ

ಒಳಗಿನ ವಿವರವೂ ಕಾಣಬೇಕೆಂದರೆ 1:50 ತೆಗೆದುಕೊಳ್ಳಿ. ಲೆಕ್ಕ ಸುಲಭ: ನಿಜದ ಒಂದು ಮೀಟರ್ ಇಲ್ಲಿ ಎರಡು ಸೆಂಟಿಮೀಟರ್. ರೆಕ್ಕೆಯ ತುದಿಯಿಂದ ತುದಿಗೆ 29.2 ಮೀಟರ್ ಇರುವುದು 584 ಮಿ.ಮೀ. ಆಗುತ್ತದೆ. ಉದ್ದ ಸುಮಾರು 474 ಮಿ.ಮೀ., ಎತ್ತರ 175 ಮಿ.ಮೀ., ಪ್ರೊಪೆಲರ್ 94 ಮಿ.ಮೀ. ಒಡಲಿನ ವ್ಯಾಸ ಸುಮಾರು 58 ಮಿ.ಮೀ., ಸುತ್ತಳತೆ 182 ಮಿ.ಮೀ. ಎ4 ಹಾಳೆಯ ಅಗಲ 210 ಮಿ.ಮೀ. ಇರುವುದರಿಂದ ಒಡಲಿನ ಪ್ರತಿ ತುಂಡೂ ಒಂದೇ ಹಾಳೆಯಲ್ಲಿ ಕೂರುತ್ತದೆ, ಅಂಟಿಸಲು ಅಂಚೂ ಉಳಿಯುತ್ತದೆ.

ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ಕಾಣುವ ಮೂರು ನೋಟದ ನಕ್ಷೆ ಬೇಕು. ಸಿಕ್ಕಿದ ನಕ್ಷೆಯಲ್ಲಿ ರೆಕ್ಕೆಯ ಅಗಲ ಅಳೆಯಿರಿ. ಅದು 146 ಮಿ.ಮೀ. ಇದ್ದರೆ 584ಕ್ಕೆ ತರಲು ನಾಲ್ಕು ಪಟ್ಟು ಹಿಗ್ಗಿಸಬೇಕು. ಝೆರಾಕ್ಸ್ ಅಂಗಡಿಯವರಿಗೆ 400 ಪರ್ಸೆಂಟ್ ಎಂದರೆ ಸಾಕು. ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಫೋಟೋಗಳು ಬೇಕೇ ಬೇಕು. ಅದಕ್ಕೆಂದು ಲೋಹೆಗಾಂವ್‌ನಲ್ಲಿ ಕ್ಯಾಮೆರಾ ಎತ್ತಬೇಡಿ, ಅದು ವಾಯುನೆಲೆ. ಯಲಹಂಕದ ಏರೋ ಇಂಡಿಯಾಕ್ಕೆ ಹೋಗುವ ನೆಂಟರಿದ್ದರೆ ನಿಲ್ಲಿಸಿರುವ ಸಾಗಣೆ ವಿಮಾನಗಳ ಹೊಟ್ಟೆ, ಚಕ್ರ, ಹಿಂಬಾಗಿಲಿನ ಫೋಟೋ ತರಲು ಹೇಳಿ. ಜನ ಮುಖದ ಫೋಟೋ ತೆಗೆಯುತ್ತಾರೆ, ನಮಗೆ ಬೇಕಾದದ್ದು ಹೊಟ್ಟೆಯ ಕೆಳಗಿನದು. ಗೋವಾಕ್ಕೆ ಹೋದರೆ ವಾಸ್ಕೊ ಹತ್ತಿರ, ಬೋಗ್ಮಾಲೊ ರಸ್ತೆಯಲ್ಲಿರುವ ನೌಕಾ ವಿಮಾನ ಸಂಗ್ರಹಾಲಯ ನೋಡಿ. ಅಲ್ಲಿನ ಸೂಪರ್ ಕಾನ್‌ಸ್ಟಲೇಶನ್ ಬೇರೆಯೇ ವಿಮಾನ ನಿಜ. ಆದರೆ ದೊಡ್ಡ ಪ್ರೊಪೆಲರ್ ವಿಮಾನದ ತಗಡು ಎಲ್ಲಿ ಸೇರುತ್ತದೆ, ಚಕ್ರದ ಕಾಲು ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು.

ಸಿದ್ಧ ಮಾದರಿ ಹಾಳೆ ಸಿಕ್ಕಿ ಅದನ್ನೇ ಪ್ರಿಂಟ್ ತೆಗೆಯುವವರಿಗೆ ಒಂದೇ ಎಚ್ಚರಿಕೆ. ಪ್ರಿಂಟರಿನಲ್ಲಿ 'ಫಿಟ್ ಟು ಪೇಜ್' ಇದ್ದರೆ ತೆಗೆದುಹಾಕಿ, 100 ಪರ್ಸೆಂಟ್ ಇಡಿ. ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಹಾಕಿಸಿ, ಪ್ರಿಂಟ್ ಬಂದ ಮೇಲೆ ಸ್ಕೇಲ್ ಇಟ್ಟು ನೋಡಿ.

ಸಾಮಾನು

ಪುಣೆಯವರಿಗೆ ಅಪ್ಪಾ ಬಳವಂತ ಚೌಕದಲ್ಲಿ ಎಲ್ಲವೂ ಸಿಗುತ್ತದೆ. ಹೊರ ಹೊದಿಕೆಗೆ 160ರಿಂದ 180 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಕಾಗದ, ಒಳಗಿನ ಬಿಲ್ಲೆಗಳಿಗೆ 1 ಮಿ.ಮೀ. ದಪ್ಪದ ಗ್ರೇ ಬೋರ್ಡ್, ಸಣ್ಣ ಭಾಗಗಳಿಗೆ ಮಾಮೂಲಿ 80 ಜಿಎಸ್‌ಎಂ. ಆಫೀಸಿನ ತಿಳಿಹಳದಿ ಫೈಲ್ ಫೋಲ್ಡರನ್ನು ಹಗುರವಾಗಿ ನೋಡಬೇಡಿ. ಅಮೆರಿಕದ ಲೂಕಾ ಯಾಕೋನಿ-ಸ್ಟುವರ್ಟ್ 2008ರಲ್ಲಿ ಶುರುಮಾಡಿ ವರ್ಷಗಟ್ಟಲೆ ಕೂತು ಕಟ್ಟಿದ ಏರ್ ಇಂಡಿಯಾ ಬೋಯಿಂಗ್ 777ರ 1:60 ಮಾದರಿ ಅಂಥ ಫೋಲ್ಡರಿನದ್ದೇ. ಅದರ ಸೀಟುಗಳೂ ಕಾಗದ, ಮಡಚಿಕೊಳ್ಳುವ ಚಕ್ರದ ಕಾಲೂ ಕಾಗದ.

ಕತ್ತರಿಸಲು ಚೂಪು ತುದಿಯ ಪೇಪರ್ ಕಟರ್, ಸ್ಟೀಲ್ ಸ್ಕೇಲ್, ಕಟಿಂಗ್ ಮ್ಯಾಟ್. ಬ್ಲೇಡಿನಲ್ಲಿ ಜಿಪುಣತನ ಬೇಡ. ಮೊಂಡಾದ ಬ್ಲೇಡ್ ಕಾಗದವನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಮಡಿಕೆಯ ಗೆರೆ ಗೀರಲು ಇಂಕು ಮುಗಿದ ಬಾಲ್ ಪೆನ್ನು ಸಾಕು. ಬಿಳಿ ಫೆವಿಕಾಲನ್ನು ಮುಚ್ಚಳಕ್ಕೆ ಸ್ವಲ್ಪ ಹಾಕಿಕೊಂಡು ಟೂತ್‌ಪಿಕ್ ತುದಿಯಲ್ಲಿ ಹಚ್ಚಿ. ಕಾಗದ ಒದ್ದೆಯಾಗಿ ಅಲೆಅಲೆಯಾಯಿತು ಎಂದರೆ ಗೋಂದು ಜಾಸ್ತಿಯಾಗಿದೆ ಎಂದರ್ಥ. ಫೆವಿಕ್ವಿಕ್ ಗಟ್ಟಿ ಮಾಡುವ ಕೆಲಸಕ್ಕೆ ಮಾತ್ರ ಇರಲಿ, ಕಿಟಕಿಯ ಪ್ಲಾಸ್ಟಿಕ್ ಹತ್ತಿರ ತರಬೇಡಿ. ಅದರ ಆವಿಗೆ ಪ್ಲಾಸ್ಟಿಕ್ ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ.

ಪ್ರಿಂಟ್ ಇಂಕ್‌ಜೆಟ್‌ನದೋ ಲೇಸರ್‌ನದೋ ಕೇಳಿಕೊಳ್ಳಿ. ಇಂಕ್‌ಜೆಟ್ ಬಣ್ಣ ಒದ್ದೆ ಬೆರಳಿಗೆ ಬಿಡುತ್ತದೆ, ಲೇಸರ್ ಬಣ್ಣ ಮಡಿಕೆಯಲ್ಲಿ ಸಿಡಿಯುತ್ತದೆ. ಮೊದಲನೆಯದಕ್ಕೆ ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯ ಒಂದು ತೆಳು ಪದರ ಕೊಟ್ಟರೆ ಸರಿಹೋಗುತ್ತದೆ.

ಒಡಲು

ಕತ್ತರಿಸುವ ಮೊದಲು ಕಾಗದದ ನಾರು ಯಾವ ಕಡೆ ಇದೆ ನೋಡಿ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ. ಯಾವ ಕಡೆ ಸುಲಭವಾಗಿ ಸುರುಳಿಯಾಗುತ್ತದೋ ಆ ಕಡೆಯೇ ಕೊಳವೆ ಸುತ್ತಬೇಕು. ಇದನ್ನು ಬಿಟ್ಟರೆ ಒಡಲು ದುಂಡಗೆ ಬರುವ ಬದಲು ಮೂಲೆ ಮೂಲೆಯಾಗಿ ಬರುತ್ತದೆ. ಎಷ್ಟು ಗೋಂದು ಹಾಕಿದರೂ ಸರಿಯಾಗುವುದಿಲ್ಲ.

ಪಕ್ಕದ ನೋಟದ ನಕ್ಷೆಯ ಮೇಲೆ ಸುಮಾರು 4 ಸೆಂ.ಮೀ.ಗೊಂದು ಅಡ್ಡಗೆರೆ ಹಾಕಿ. ಪ್ರತಿ ಗೆರೆಗೂ ಗ್ರೇ ಬೋರ್ಡಿನ ಒಂದು ಬಿಲ್ಲೆ. ಬಿಲ್ಲೆಯ ತ್ರಿಜ್ಯ 29 ಮಿ.ಮೀ. ಅಲ್ಲ, 28.7. ಹೊರಗಿನ ಹೊದಿಕೆಯ ದಪ್ಪ ಕಳೆಯಲೇಬೇಕು. ಈ ಕೂದಲೆಳೆ ವ್ಯತ್ಯಾಸ ಮರೆತರೆ ಹೊದಿಕೆ ಎರಡು ಬದಿಯೂ ಕೂಡುವುದಿಲ್ಲ, ಹೊಟ್ಟೆಯಡಿ ಬಿರುಕು ಉಳಿಯುತ್ತದೆ.

ಸರಕು ಕೋಣೆ ತೋರಿಸುವ ಆಸೆ ಇದ್ದರೆ ಅಲ್ಲಿ ಬಿಲ್ಲೆಯ ಬದಲು ಬಳೆ ಬೇಕು: ಅಂಚಿನಲ್ಲಿ 5 ಮಿ.ಮೀ. ಉಳಿಸಿ ನಡುವೆ ಕತ್ತರಿಸಿ ತೆಗೆಯಿರಿ. ಬಳೆಯ ಕೆಳಭಾಗವನ್ನು ನೇರವಾಗಿ ಬಿಟ್ಟರೆ ಅದರ ಮೇಲೆ ನೆಲದ ಹಲಗೆ ಕೂರುತ್ತದೆ. ಈ ನೆಲವೇ ಇಡೀ ಒಡಲನ್ನು ನೆಟ್ಟಗೆ ಹಿಡಿಯುವ ಬೆನ್ನೆಲುಬು. ಎರಡು ಪದರ ಬೋರ್ಡ್ ಹಾಕಿ, ಗಾಜಿನ ಮೇಲೆ ಭಾರ ಇಟ್ಟು ಒಣಗಿಸಿ. ಒಳಗೋಡೆಗೆ ಬಣ್ಣ, ಪಕ್ಕಕ್ಕೆ ಮಡಚುವ ಸೀಟುಗಳ ಸಾಲು, ಎಲ್ಲವೂ ಹೊದಿಕೆ ಹಾಕುವ ಮೊದಲೇ ಮುಗಿಯಬೇಕು. ಬಾಗಿಲು ಮುಚ್ಚಿಯೇ ಇಡುತ್ತೀರಾದರೆ ಇದ್ಯಾವುದೂ ಬೇಡ. ಕಾಣದ ಸೀಟಿಗೆ ವಾರಗಟ್ಟಲೆ ಕೂರುವವರೂ ಇದ್ದಾರೆ, ನಾನು ಆ ಪಂಗಡದವನಲ್ಲ.

ಹೊದಿಕೆಯ ಹಾಳೆಯನ್ನು ಅಂಟಿಸುವ ಮುಂಚೆ ಲಟ್ಟಣಿಗೆಗೆ ಸುತ್ತಿ, ಬಿಟ್ಟು, ಮತ್ತೆ ಸುತ್ತಿ ದುಂಡು ಕೊಡಿ. ಕೈ ಬಿಟ್ಟರೂ ಅದು ಕೊಳವೆಯಾಗಿಯೇ ನಿಲ್ಲಬೇಕು. ಎರಡು ಅಂಚು ಸೇರುವ ಕಡೆ ಒಂದರ ಮೇಲೊಂದು ಬರುವಂತೆ ಅಂಟಿಸಬೇಡಿ, ಒಳಗಡೆ ಒಂದು ಪಟ್ಟಿ ಕೊಟ್ಟು ಅಂಚಿಗೆ ಅಂಚು ತಾಗಿಸಿ. ಜೋಡಣೆಯ ಗೆರೆ ಯಾವಾಗಲೂ ಹೊಟ್ಟೆಯ ಕೆಳಗೆ ಬರಲಿ.

ಮೂಗಿನ ಕಡೆ ಶಂಕುವಿನ ಲೆಕ್ಕ ಬರುತ್ತದೆ. ಹೆದರಬೇಡಿ, ಹೈಸ್ಕೂಲಿನದ್ದೇ. ಮೂಗನ್ನು ಕಿರಿದಾಗುತ್ತ ಹೋಗುವ ನಾಲ್ಕೈದು ಬಳೆಗಳಾಗಿ ಒಡೆಯಿರಿ. ಒಂದು ಬಳೆಯ ದೊಡ್ಡ ತುದಿಯ ತ್ರಿಜ್ಯ 29, ಚಿಕ್ಕ ತುದಿಯದು 22, ಓರೆ ಉದ್ದ 24 ಮಿ.ಮೀ. ಅಂದುಕೊಳ್ಳಿ. 24ನ್ನು 29ರಿಂದ ಗುಣಿಸಿ, 29 ಮತ್ತು 22ರ ವ್ಯತ್ಯಾಸವಾದ 7ರಿಂದ ಭಾಗಿಸಿದರೆ 99.4 ಬರುತ್ತದೆ. ಕೈವಾರದಲ್ಲಿ ಎಳೆಯುವ ಹೊರಗಿನ ಕಮಾನಿನ ತ್ರಿಜ್ಯ ಇದು. ಒಳಗಿನದು ಅದಕ್ಕಿಂತ 24 ಕಡಿಮೆ, ಅಂದರೆ 75.4. ಕೋನಕ್ಕೆ 360ನ್ನು 29ರಿಂದ ಗುಣಿಸಿ 99.4ರಿಂದ ಭಾಗಿಸಿ: 105 ಡಿಗ್ರಿ. ಕೋನಮಾಪಕ ಇಟ್ಟು ಕತ್ತರಿಸಿ ಸುತ್ತಿದರೆ ಬಳೆ ತಯಾರು. ತೀರಾ ತುದಿಗೆ ಮಾತ್ರ ದಳ ದಳವಾಗಿ ಸೀಳಿದ ಹೂವಿನಂಥ ತುಂಡು ಬೇಕು. ದಳಗಳನ್ನು ಒಳಗಿನಿಂದ ತೆಳು ಕಾಗದಕ್ಕೆ ಅಂಟಿಸಿ, ಒಣಗಿದ ಮೇಲೆ ಸಣ್ಣ ಮರಳು ಕಾಗದದಿಂದ ಉಜ್ಜಿ.

ಆದರೆ ಮೂಗನ್ನು ಈಗಲೇ ಒಡಲಿಗೆ ಅಂಟಿಸಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಹಿಂಭಾಗ

ಸಾಗಣೆ ವಿಮಾನದ ಸೊಬಗು ಹಿಂಭಾಗದಲ್ಲಿದೆ, ತಲೆನೋವೂ ಅಲ್ಲೇ. ಬೆನ್ನು ಸುಮಾರಾಗಿ ನೇರ ಹೋಗುತ್ತದೆ, ಹೊಟ್ಟೆ ಮಾತ್ರ ಮೇಲಕ್ಕೇರುತ್ತದೆ. ಸರಕು ತುಂಬುವ ಬಾಗಿಲು ಆ ಏರಿನಲ್ಲೇ ಇರುವುದು. ಬಿಲ್ಲೆಗಳ ನಡುಬಿಂದು ಒಂದೇ ಗೆರೆಯಲ್ಲಿ ಇರುವುದಿಲ್ಲವಾದ್ದರಿಂದ ಮೂಗಿಗೆ ಮಾಡಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಲ್ಲಿ ಲೆಕ್ಕ ಬಿಟ್ಟು ದರ್ಜಿಯ ದಾರಿ ಹಿಡಿಯಿರಿ. ಮೊದಲು ಬಿಲ್ಲೆಗಳನ್ನು ನಡುವಿನ ಉದ್ದ ಹಲಗೆಗೆ ಸಿಕ್ಕಿಸಿ ಅಸ್ಥಿಪಂಜರ ನಿಲ್ಲಿಸಿ. ಎರಡು ಬಿಲ್ಲೆಗಳ ನಡುವೆ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಸುತ್ತಿ, ಟೇಪ್ ಹಾಕಿ, ಬಿಲ್ಲೆಯ ಅಂಚಿನ ಮೇಲೆ ಪೆನ್ಸಿಲ್ ಮಲಗಿಸಿ ಉಜ್ಜಿ. ಅಂಚಿನ ಗುರುತು ಬೀಳುತ್ತದೆ. ಹೊಟ್ಟೆಯ ನಡುಗೆರೆಯಲ್ಲಿ ಸೀಳಿ ಬಿಚ್ಚಿದರೆ ಕೈಯಲ್ಲಿರುವುದೇ ನಿಮ್ಮ ನಮೂನೆ. ಅದನ್ನು ಮೊದಲು ಹಳೇ ಕ್ಯಾಲೆಂಡರ್ ಹಾಳೆಯ ಮೇಲೆ ಕತ್ತರಿಸಿ ಹಾಕಿ ನೋಡಿ, ಸರಿ ಬಂದರೆ ಒಳ್ಳೆಯ ಕಾಗದಕ್ಕೆ ಹೋಗಿ. ಟ್ರೇಸಿಂಗ್ ಪೇಪರ್ ಎಲ್ಲಾದರೂ ನೆರಿಗೆ ಬಿದ್ದರೆ ಅದು ತೆಂಗಿನಕಾಯಿ ಜಾಗ, ನಡುವೆ ಇನ್ನೊಂದು ಬಿಲ್ಲೆ ಸೇರಿಸಿ ತುಂಡನ್ನು ಎರಡು ಮಾಡಿ.

ಹಿಂಬಾಗಿಲನ್ನು, ಅಂದರೆ ಕೆಳಕ್ಕೆ ತೆರೆದು ಇಳಿಜಾರಾಗುವ ರ‍್ಯಾಂಪನ್ನು, ಬೇರೆಯೇ ತುಂಡಾಗಿ ಮಾಡಿ. ಈ ವಿಮಾನದ ರ‍್ಯಾಂಪ್‌ಗೆ ಒಂದು ವಿಶೇಷ ಇದೆ. ಅದು ಕೆಳಗಿಳಿದು ನೆಲಕ್ಕೆ ತಾಗುವುದಷ್ಟೇ ಅಲ್ಲ, ಬೇಕೆಂದಾಗ ಮುಂದಕ್ಕೆ ಜಾರಿ ಹೊಟ್ಟೆಯಡಿ ಸೇರಿಕೊಳ್ಳುತ್ತದೆ. ಆಗ ಲಾರಿಯನ್ನು ಹಿಂದಕ್ಕೆ ತಂದು ನೇರವಾಗಿ ಸರಕು ಏರಿಸಬಹುದು. ಮಾದರಿಯಲ್ಲಿ ಇಳಿದ ಸ್ಥಿತಿಯೇ ಚೆನ್ನಾಗಿ ಕಾಣುತ್ತದೆ. ಬಟ್ಟೆಯ ತೆಳು ಪಟ್ಟಿಯೊಂದನ್ನು ಒಳಗಿನಿಂದ ಅಂಟಿಸಿದರೆ ಅದೇ ಕೀಲು, ಕಾಗದದ ಕೀಲು ನಾಲ್ಕು ಸಲ ಆಡಿಸಿದರೆ ಹರಿಯುತ್ತದೆ. ರ‍್ಯಾಂಪ್‌ನ ಅಕ್ಕಪಕ್ಕ, ಹೊಟ್ಟೆಯ ಕೆಳಗೆ ಎರಡು ಕಿರುರೆಕ್ಕೆಗಳಿವೆ, ಮರೆಯಬೇಡಿ.

ರೆಕ್ಕೆ, ಎಂಜಿನ್

584 ಮಿ.ಮೀ. ಅಗಲದ ಕಾಗದದ ರೆಕ್ಕೆ ಒಳಗೆ ತೊಲೆ ಇಲ್ಲದೆ ನಿಲ್ಲುವುದಿಲ್ಲ. ಮೊದಲ ದಿನ ನಿಂತರೂ ಪುಣೆಯ ಜುಲೈ ಬಂದಾಗ ಜೋತುಬೀಳುತ್ತದೆ. ಎರಡು ಪದರ ಗ್ರೇ ಬೋರ್ಡಿನ ತೊಲೆ ಈ ತುದಿಯಿಂದ ಆ ತುದಿಗೆ, ಒಡಲಿನ ಬೆನ್ನಿನ ಮೇಲೆ ಹಾದು ಹೋಗಲಿ. ಅದರ ಪಕ್ಕಕ್ಕೆ ಬಿದಿರು ಕಡ್ಡಿ ಅಂಟಿಸಿದರೆ ಇನ್ನೂ ಗಟ್ಟಿ. ಎಂಜಿನ್‌ನ ಆಚೆಗೆ ರೆಕ್ಕೆ ಕಿರಿದಾಗುತ್ತ, ತುಸು ಕೆಳಕ್ಕೆ ಬಾಗುತ್ತದೆ. ತೊಲೆ ಕತ್ತರಿಸುವಾಗಲೇ ಈ ಬಾಗು ಕೊಡಿ, ಆಮೇಲೆ ಬಗ್ಗಿಸಲಾಗದು.

ರೆಕ್ಕೆಯ ಮೇಲ್ಮೈ ಮತ್ತು ಕೆಳಮೈ ಒಂದೇ ಹಾಳೆಯಲ್ಲಿರಲಿ. ಮುಂದಿನ ಅಂಚನ್ನು ಗೀರಿ ಮಡಚಬೇಡಿ, ಸ್ವೆಟರ್ ಹೆಣೆಯುವ ಕಡ್ಡಿಗೆ ಸುತ್ತಿ ದುಂಡಗೆ ಮಾಡಿ. ಹಿಂದಿನ ಅಂಚು ಮಾತ್ರ ಚೂಪು. ಅಂಟಿಸುವಾಗ ಇಡೀ ರೆಕ್ಕೆ ಗಾಜಿನ ಮೇಲೆ ಮಲಗಿರಲಿ. ಕೈಯಲ್ಲಿ ಹಿಡಿದು ಅಂಟಿಸಿದ ರೆಕ್ಕೆ ತಿರುಚಿಕೊಳ್ಳದೆ ಇರುವುದೇ ಇಲ್ಲ.

ಎಂಜಿನ್ ಗೂಡು ರೆಕ್ಕೆಯ ಮೇಲೂ ಇದೆ, ಕೆಳಗೂ ಇದೆ, ಏಕೆಂದರೆ ಹಿಂದಿನ ಚಕ್ರಗಳು ಮಡಚಿ ಸೇರುವುದು ಅದರೊಳಗೇ. ಹಾಗಾಗಿ ಗೂಡು ತುಂಬಾ ಆಳ. ರೆಕ್ಕೆಯ ಅಡ್ಡಸೀಳಿನ ಆಕಾರವನ್ನು ಬೋರ್ಡಿನಲ್ಲಿ ಕತ್ತರಿಸಿ ಇಟ್ಟುಕೊಳ್ಳಿ. ಗೂಡಿನ ಎರಡು ಪಕ್ಕಕ್ಕೂ ಅದೇ ಆಕಾರದ ಕಿಂಡಿ ಕೊರೆದರೆ ರೆಕ್ಕೆಯ ಮೇಲೆ ಸರಿಯಾಗಿ ಕೂರುತ್ತದೆ. ಅಂಟಿಸುವ ಮುಂಚೆ 94 ಮಿ.ಮೀ. ವ್ಯಾಸದ ರಟ್ಟಿನ ಬಿಲ್ಲೆಯೊಂದನ್ನು ಎಂಜಿನ್‌ನ ಮೂತಿಗೆ ಹಿಡಿದು ಒಡಲಿಗೆ ತಾಗುತ್ತದಾ ನೋಡಿ. ತಾಗಿದರೆ ಗೂಡು ಒಳಕ್ಕೆ ಸರಿದಿದೆ.

ಪ್ರೊಪೆಲರ್ ಅಲಗಿಗೆ ಎರಡು ಪದರ ಕಾಗದ. ಗೋಂದು ಹಸಿಯಿರುವಾಗಲೇ ದಪ್ಪ ಮಾರ್ಕರ್ ಪೆನ್ನಿಗೆ ಓರೆಯಾಗಿ ಸುತ್ತಿ ದಾರ ಕಟ್ಟಿ. ಒಣಗಿದಾಗ ಸಹಜವಾದ ತಿರುವು ಉಳಿಯುತ್ತದೆ. ಮೇಲೆ ಫೆವಿಕ್ವಿಕ್ ಹೀರಿಸಿದರೆ ಪ್ಲಾಸ್ಟಿಕ್‌ನಷ್ಟು ಗಟ್ಟಿ. ಎಡಕ್ಕೊಂದು ಬಲಕ್ಕೊಂದು ಕನ್ನಡಿಯ ಬಿಂಬದಂತೆ ಮಾಡುವ ಚಪಲ ಬೇಡ. ಈ ವಿಮಾನದ ಎರಡೂ ಪ್ರೊಪೆಲರ್ ಒಂದೇ ದಿಕ್ಕಿಗೆ ತಿರುಗುತ್ತವೆ, ಎಂಟೂ ಅಲಗಿನ ತಿರುವು ಒಂದೇ.

ಭಾರ

"ಕಾಕಾ, ಇದು ಬಾಲದ ಮ್ಯಾಲೆ ಕುಂತ್ಬಿಡ್ತೈತಿ" ಎಂದು ನಮ್ಮ ಸೊಸೈಟಿಯ ಧಾರವಾಡದವರ ಹುಡುಗ ತನ್ನ ಮಾದರಿ ತಂದು ತೋರಿಸಿದ್ದ. ಅವನದೇನೂ ತಪ್ಪಿಲ್ಲ. ಉದ್ದ ಬಾಲ, ಅದರ ಮೇಲೆ ದೊಡ್ಡ ರೆಕ್ಕೆಗಳು, ಹಿಂಬಾಗಿಲು, ಎಲ್ಲವೂ ಚಕ್ರಗಳ ಹಿಂದೆ. ಕಾಗದದ ಮೂಗಿಗೆ ತೂಕವೇ ಇಲ್ಲ. ಹಾಗಾಗಿಯೇ ಮೂಗನ್ನು ಕೊನೆಗೆ ಅಂಟಿಸಿ ಎಂದಿದ್ದು.

ಬಾಲ, ಚಕ್ರ ಎಲ್ಲ ಕೂತ ಮೇಲೆ ವಿಮಾನ ನಿಲ್ಲಿಸಿ, ಮೂಗಿನ ಬಿಲ್ಲೆಯ ಹಿಂದೆ ಒಂದೊಂದೇ ನಾಣ್ಯ ಇಡುತ್ತ ಹೋಗಿ. ಹಳೇ ದಪ್ಪ ಐದು ರೂಪಾಯಿ ನಾಣ್ಯ ಇದಕ್ಕೆ ಹೇಳಿ ಮಾಡಿಸಿದ್ದು: 9 ಗ್ರಾಂ ತೂಕ, 23 ಮಿ.ಮೀ. ವ್ಯಾಸ. ಮುಂದಿನ ಚಕ್ರ ನೆಲಕ್ಕೆ ಕೂತ ಮೇಲೆ ಇನ್ನೊಂದು ಹೆಚ್ಚಿಗೆ ಇಡಿ, ರ‍್ಯಾಂಪ್ ತೆರೆದಾಗ ಬೇಕಾಗುತ್ತದೆ. ಗಟ್ಟಿಯಾಗಿ ಅಂಟಿಸಿ, ಅಲ್ಲಾಡಿಸಿದರೆ ಗಲಗಲ ಎನ್ನಬಾರದು. ಆಮೇಲೆ ಮೂಗು ಮುಚ್ಚಿ.

ಬಣ್ಣ, ಸಂಖ್ಯೆ

ಕತ್ತರಿಸಿದ ಪ್ರತಿ ಅಂಚಿನಲ್ಲೂ ಕಾಗದದ ಬಿಳಿ ಕಾಣುತ್ತದೆ. ಅಂಟಿಸುವ ಮುಂಚೆಯೇ ಬೂದು ಬಣ್ಣದ ವಾಟರ್‌ಕಲರ್ ಪೆನ್ಸಿಲ್ಲಿನಿಂದ ಅಂಚನ್ನು ತೀಡಿ. ನನ್ನ ಪ್ರಕಾರ ಒಳ್ಳೆಯ ಮಾದರಿಗೂ ಸಾಧಾರಣ ಮಾದರಿಗೂ ಇರುವ ವ್ಯತ್ಯಾಸ ಮುಕ್ಕಾಲು ಪಾಲು ಇದೇ. ತಗಡಿನ ಜೋಡಣೆಯ ಗೆರೆಗಳನ್ನು ಕಪ್ಪು ಪೆನ್ನಿನಲ್ಲಿ ಎಳೆಯಬೇಡಿ, ಕಾರ್ಟೂನ್ ಆಗುತ್ತದೆ. ಗಟ್ಟಿ ಪೆನ್ಸಿಲ್ಲಿನ ಮಸುಕು ಗೆರೆ ಸಾಕು. ರಿವೆಟ್‌ಗಳನ್ನು ಬಿಟ್ಟುಬಿಡಿ, ಈ ಅಳತೆಯಲ್ಲಿ ನಿಜದಲ್ಲೂ ಕಾಣವು. ಕಿಟಕಿಗೆ ಹೊಸ ಶರ್ಟಿನ ಡಬ್ಬಿಯ ಪಾರದರ್ಶಕ ಹಾಳೆ, ಚಕ್ರಕ್ಕೆ ಒಂದರ ಮೇಲೊಂದು ಅಂಟಿಸಿ ಉಜ್ಜಿದ ಬಿಲ್ಲೆಗಳು.

ವಾಯುಪಡೆಯ ಕೇಸರಿ, ಬಿಳಿ, ಹಸಿರು ವೃತ್ತಗಳ ಕ್ರಮವನ್ನು ನೆನಪಿನಿಂದ ಹಾಕಬೇಡಿ, ಫೋಟೋ ಮುಂದಿಟ್ಟುಕೊಳ್ಳಿ. ಸಂಖ್ಯೆ ಆರಿಸುವಾಗಲೂ ಸ್ವಲ್ಪ ಯೋಚಿಸಿ. ಕೆ-2743 ಎಂಬುದು 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟು, 29 ಜನರೊಂದಿಗೆ ಬಂಗಾಳ ಕೊಲ್ಲಿಯಲ್ಲಿ ಕಾಣೆಯಾದ ಎಎನ್-32. ಅದರ ಅವಶೇಷ ಸಮುದ್ರದಡಿ ಸುಮಾರು 3,400 ಮೀಟರ್ ಆಳದಲ್ಲಿ ಸಿಕ್ಕ ಸುದ್ದಿ 2024ರ ಜನವರಿಯಲ್ಲಿ ಬಂತು. ಅವರ ನೆನಪಿಗೆಂದೇ ಕಟ್ಟುವುದಾದರೆ ಆ ಸಂಖ್ಯೆ ಬರೆಯಿರಿ. ಅಂದಕ್ಕೆಂದು ಬರೆಯುವುದಾದರೆ ಬೇರೆ ವಿಮಾನದ ಫೋಟೋ ನೋಡಿಕೊಳ್ಳಿ.

ಇಡುವುದು, ಒಯ್ಯುವುದು

ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉದ್ದದ ಅಂಟಿಕೆಗಳನ್ನು ಮುಂದೂಡಿ, ಸಣ್ಣ ಭಾಗಗಳನ್ನು ಮಾಡಿಕೊಳ್ಳಿ. ಕತ್ತರಿಸಿದ ತುಂಡುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ. ಮುಂಬೈಯವರಿಗೆ ಈ ಮಾತು ವರ್ಷಪೂರ್ತಿ ಅನ್ವಯ.

ರೈಲಿನಲ್ಲಿ ಊರಿಗೆ ಒಯ್ದು ತೋರಿಸುವ ಯೋಚನೆ ಇದ್ದರೆ ರೆಕ್ಕೆಯನ್ನು ಒಡಲಿಗೆ ಅಂಟಿಸಲೇಬೇಡಿ. ತೊಲೆ ಕೂರುವ ಜಾಗದಲ್ಲಿ ಬಿಗಿಯಾದ ತೊಟ್ಟಿಲು ಮಾಡಿ, ಮೇಲಿನಿಂದ ಒತ್ತಿದರೆ ಕೂರಬೇಕು, ಎತ್ತಿದರೆ ಬರಬೇಕು. ಪ್ರೊಪೆಲರ್‌ಗಳೂ ಕಡ್ಡಿಯ ಮೇಲೆ ಸಿಕ್ಕಿಸಿದಂತಿರಲಿ. ಮೂರನ್ನೂ ಬೇರೆ ಬೇರೆ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ, ಶೂ ಡಬ್ಬಿಗಿಂತ ಉದ್ದದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ. ಪೆಟ್ಟಿಗೆ ಮೇಲಿನ ಬರ್ತ್‌ನಲ್ಲಿ ನಿಮ್ಮ ತಲೆಯ ಹತ್ತಿರವೇ ಇರಲಿ. ಸೀಟಿನಡಿ ಇಟ್ಟರೆ ಸೊಲ್ಲಾಪುರ ದಾಟುವುದರೊಳಗೆ ಯಾರಾದರೂ ಅದರ ಮೇಲೆ ಸೂಟ್‌ಕೇಸ್ ತಳ್ಳಿರುತ್ತಾರೆ.